ಮಾವ ಕೊಟ್ಟ ಕಾರು

ಗುಮಾಸ್ತರ ಕಾರಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡದ್ದು ಸರಿಯಾಗಿ ಮಾವ ಬರುವ ದಿನವೇ. ಎರಡೂವರೆ ಲಕ್ಷ ಕಿಲೋಮೀಟರು ಓಡಿದ ಆ ಕಾರು ಮೊದಲು ಮಾವನದೇ ಆಗಿತ್ತು. ಕೊಡುವಾಗ, "ಮಗಳನ್ನ ನೋಡ್ಕೊಂಡ ಹಾಗೇ ಇದನ್ನೂ ನೋಡ್ಕೋಬೇಕು" ಅಂದಿದ್ದರು. ಮಗಳ ವಿಷಯ ಅವರು ಆಮೇಲೆ ಕೇಳಿದ್ದಿಲ್ಲ. ಕಾರನ್ನು ಮಾತ್ರ ಬಂದಾಗಲೆಲ್ಲ ಬಾನೆಟ್ ತೆಗೆಸಿ ನೋಡುತ್ತಿದ್ದರು.

"ಸಂಜೆ ಒಳಗೆ ಈ ದೀಪ ಆರದಿದ್ರೆ ನನ್ನ ಮಾನ ಹೋಯ್ತು!" ಗುಮಾಸ್ತರು ಬೆವರಿದರು.

ಪಕ್ಕದ ಮನೆಯ ದರ್ಜಿ ಕೇಳಿಸಿಕೊಂಡ. ಅವನ ಬಳಿ ಕಾರಿನ ದೋಷ ಓದುವ ಪುಟ್ಟ ಯಂತ್ರವಿತ್ತು. ಕಾರು ಮಾತ್ರ ಇರಲಿಲ್ಲ. ಓಡಿಬಂದು ಯಂತ್ರ ಸಿಕ್ಕಿಸಿದ. "ಸಾರ್, ಒಂದಲ್ಲ, ಐದು ದೋಷ! ಗಾಳಿ ಸೆನ್ಸರು, ಹೊಗೆ ಸೆನ್ಸರು, ಗೇರು... ಒಂದೂ ಬಿಟ್ಟಿಲ್ಲ."

"ಒಂದೊಂದಾಗಿ ನೋಡೋಣ," ಎಂದು ಎದುರುಮನೆಯ ಹೆಡ್‌ಮಾಸ್ತರರು ಅಂಗಿಯ ತೋಳು ಮಡಚಿದರು. ಎಂಜಿನ್ ಓಡುತ್ತಿರುವಾಗಲೇ ಎರಡು ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದರು.

ದರ್ಜಿ ಯಂತ್ರ ನೋಡಿದ. "ಈಗ ಏಳು ಸಾರ್."

ಗುಮಾಸ್ತರಿಗೆ ಅಳುವುದೊಂದು ಬಾಕಿ. ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬ್ಯಾಟರಿಯ ವೈರು ಹಿಡಿದು ಅಲ್ಲಾಡಿಸಿದಳು. ಅದು ಹಾಲುಹಲ್ಲಿನಂತೆ ಅಲುಗಾಡಿತು.

"ಕರೆಂಟೇ ಸರಿಯಾಗಿ ಹೋಗದಿದ್ರೆ ಎಲ್ಲವೂ ಬಾಯಿ ಬಡ್ಕೊಳ್ಳುತ್ತವೆ. ಮೊದಲು ಇದನ್ನ ನೋಡು ಅಂತ ಅಪ್ಪ ಸಾವಿರ ಸಲ ಹೇಳಿದ್ದಾರೆ," ಎಂದು ಬೋಲ್ಟು ಬಿಗಿದಳು. ದರ್ಜಿ ಹಳೆಯ ದೋಷಗಳನ್ನೆಲ್ಲ ಅಳಿಸಿದ. ದೀಪ ಆರಿತು! ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಖುಷಿಗೆ ಹೆಡ್‌ಮಾಸ್ತರರನ್ನೂ ಅಪ್ಪಿಕೊಂಡರು.

ಸಂಜೆ ಮಾವ ಬಂದರು. ಕಾರು ಶುರುಮಾಡಿ, ಕಿವಿಗೊಟ್ಟು ಕೇಳಿ, ತಲೆದೂಗಿದರು. "ಭೇಷ್ ಅಳಿಯಂದ್ರೇ! ಇದು ಕೈಕೊಡ್ತಿದ್ರೆ ನಿಮಗೊಂದು ಹೊಸ ಕಾರು ಕೊಡಿಸೋಣ ಅಂತಲೇ ಬಂದಿದ್ದೆ. ಇನ್ನು ಬೇಕಾಗಿಲ್ಲ ಬಿಡಿ."

ಗುಮಾಸ್ತರ ನಗು ಮುಖದಲ್ಲೇ ಒಣಗಿತು. ಮಾವ ಕೈ ತೊಳೆಯಲು ಒಳಗೆ ಹೋದದ್ದೇ ತಡ, ಸ್ಪ್ಯಾನರ್ ಹಿಡಿದು ಅದೇ ಬೋಲ್ಟು ಸಡಿಲಿಸಿದರು. ಎಂಜಿನ್ ಕೆಮ್ಮಿತು, ದೀಪ ಹೊತ್ತಿತು.

"ಮಾವಾ! ಬನ್ನಿ ಬೇಗ! ನೋಡಿ, ಕೆಟ್ಟೇ ಹೋಯ್ತು!"

ಮಾವ ಹೊಸ್ತಿಲು ದಾಟುವ ಮೊದಲೇ ಎರಡು ಮನೆಯ ಬಾಗಿಲು ದಡಾರನೆ ತೆರೆದವು.

"ಹೆದರ್ಬೇಡಿ ಸಾರ್, ಈಗ ನಮಗೆ ಗೊತ್ತು!" ದರ್ಜಿ ಹಾರಿಬಂದ. ಹೆಡ್‌ಮಾಸ್ತರರು ಗುಮಾಸ್ತರ ಕೈಯಿಂದಲೇ ಸ್ಪ್ಯಾನರ್ ಕಿತ್ತುಕೊಂಡು, ಇನ್ನೆಂದೂ ಸಡಿಲವಾಗದಂತೆ ಬೋಲ್ಟು ಬಿಗಿದರು. ದರ್ಜಿ ಯಂತ್ರ ಒತ್ತಿದ್ದೇ ದೀಪವೂ ಆರಿತು.

ಮಾವ ನೆಮ್ಮದಿಯ ಉಸಿರುಬಿಟ್ಟು ಅಳಿಯನ ಬೆನ್ನು ತಟ್ಟಿದರು.

"ಇಂಥ ಅಕ್ಕಪಕ್ಕದವರು ಇರೋವಾಗ ನಿಮಗೆ ಹೊಸ ಕಾರು ಯಾಕ್ರೀ?"