ಬಿಳಿ ಹಲಗೆಯ ಮೇಲೆ ಎಲ್ಲರ ಸಹಿ

ಕೈಗವಸು ತರಲು ಹೋಗುವ ಮುನ್ನ ವೆಂಡೆಲ್ ಬಿಳಿ ಹಲಗೆಯನ್ನು ಡೋನಟ್ ಡಬ್ಬದ ಪಕ್ಕ ಇಟ್ಟ. ಅವನು ಮಾಡಿದ ತಪ್ಪು ಅಷ್ಟೇ.

ಚಂದ್ರನ ನಕ್ಷೆಗೆ ಫೋಟೊ ತೆಗೆಯುವ ಕ್ಯಾಮೆರಾ ಅಂದು ಸಂಜೆಯೇ ಫ್ಲಾಗ್‌ಸ್ಟಾಫ್ ಊರಿನ ಈ ನಕ್ಷೆ ಕಚೇರಿ ಬಿಟ್ಟು ರಾಕೆಟ್ಟಿನ ಕಡೆ ಹೊರಡಬೇಕು. ಅದಕ್ಕೆ ಮೊದಲು ಕಲೆಯಿಲ್ಲದ ಆ ಹಲಗೆಯ ಫೋಟೊ ಆಗಬೇಕು. ಕ್ಯಾಮೆರಾದ ಕಣ್ಣು ಎಲ್ಲಿ ಮಂಕು, ಎಲ್ಲಿ ಚುರುಕು ಅಂತ ತಿಳಿಯುವುದು ಅದರಿಂದಲೇ. ಹಲಗೆಯಲ್ಲಿ ಗೀಟಿದ್ದರೆ ಮುಂದೆ ಪ್ರತಿ ನಕ್ಷೆಯಲ್ಲೂ ಆ ಗೀಟಿನ ದೆವ್ವ. ಇದೊಂದು ಸರಿಹೋದರೆ, ನಾಳೆ ನಿವೃತ್ತರಾಗುವ ಓಪಲ್ ಮೇಡಂ ಕುರ್ಚಿ ವೆಂಡೆಲ್‌ಗೆ. ಕಿಟಕಿ ಪಕ್ಕದ ಕುರ್ಚಿ! ಇಷ್ಟು ಕಾಲ ಝೆರಾಕ್ಸ್ ಮಶೀನಿನ ಬಿಸಿಗಾಳಿ ಕುಡಿದವನಿಗೆ ಅದೇ ಸ್ವರ್ಗ.

ಕೈಗವಸು ಹಾಕಿಕೊಂಡು ವಾಪಸ್ ಬಂದರೆ ಹಲಗೆ ತುಂಬ ನೇರಳೆ ಶಾಯಿ. "ಹೋಗಿ ಬನ್ನಿ ಓಪಲ್!" "ಮೀನು ಹಿಡೀರಿ, ನಮ್ಮನ್ನ ಮರೀಬೇಡಿ!" ಮೂಲೆಯಲ್ಲಿ ಹಲ್ಲು ಕಿರಿಯುವ ಚಂದ್ರ ಬೇರೆ.

"ಯಾರ್ರೀ ಇದು?" ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನ ಹಾಗೆ ಕಿರುಚಿದ.

"ನಾನೇ ಶುರು ಮಾಡ್ದೆ," ಎಂದಳು ಪಕ್ಕದ ಮೇಜಿನ ಮಾರ್ಲಾ, ಡೋನಟ್ ಅಗಿಯುತ್ತ. "ನೀನು ತಂದಿಟ್ಟ ಬೀಳ್ಕೊಡುಗೆ ಕಾರ್ಡು ಅಲ್ವಾ ಇದು? ಪರವಾಗಿಲ್ಲ, ಇವನಿಗೂ ಹೃದಯ ಇದೆ ಅಂತ ಎಲ್ಲರ ಕೈಲೂ ಸೈನ್ ಹಾಕಿಸ್ದೆ!"

"ಅದು ಕ್ಯಾಮೆರಾದ ಹಲಗೆ ಕಣೇ!"

"ಮುಟ್ಟಬೇಡಿ ಅಂತ ಬರೆದಿಡಬೇಕಿತ್ತಪ್ಪ."

"ಎಲ್ಲಿ ಬರೀಲಿ? ಅದರ ಮೇಲೇನಾ?"

ಎಂಥೆಂಥ ಪದವಿಯ ಜನ! ಚಂದ್ರನ ಗುಳಿಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ, ಖಾಲಿ ಹಲಗೆ ಕಂಡರೆ ಮಾತ್ರ ಕೈ ಸುಮ್ಮನಿರಲ್ಲ. ಒಬ್ಬ ಸ್ಪಿರಿಟ್ ತಂದು ಮೂಲೆ ಉಜ್ಜಿದ. ಶಾಯಿ ಹರಡಿ ಅಲ್ಲಿದ್ದ ಚಂದ್ರನಿಗೆ ಮಂಗನಬಾವು ಬಂತು. ಇನ್ನೊಬ್ಬ ಹಲಗೆಗೆ ಬದಲು ಅಂತ ಮೇಜಿನ ಬಿಳಿ ಬಟ್ಟೆ ತಂದ; ಅದರ ತುಂಬ ಮೆಣಸಿನಕಾಯಿ ಸಾಸಿನ ಕಲೆ.

"ಹೊರಗೆ ಹಿಮ ಬಿದ್ದಿದೆಯಲ್ಲ, ಅದರದ್ದೇ ಫೋಟೊ ತೆಗಿ," ಎಂದಳು ಮಾರ್ಲಾ.

"ಅದರ ಮೇಲೆ ನಿನ್ನ ನಾಯಿ ಓಡಾಡಿದೆ, ತಾಯಿ."

ಓಡಾಡಿದೆ! ವೆಂಡೆಲ್ ಅಲ್ಲೇ ನಿಂತ. "ಹಲಗೆ ಓಡಾಡಲಿ! ಒಂದೊಂದು ಫೋಟೊಗೂ ಒಂಚೂರು ಜರುಗಿಸಿ. ಎಲ್ಲಾ ಫೋಟೊ ಒಂದರ ಮೇಲೊಂದು ಇಟ್ಟರೆ ಅಕ್ಷರ ಒಂದೇ ಕಡೆ ನಿಲ್ಲಲ್ಲ, ಬಿಳಿ ಮಾತ್ರ ನಿಲ್ಲತ್ತೆ. ಗೀಚಿದವರೇ ಬನ್ನಿ, ಹಿಡೀರಿ!"

ಪಲ್ಲಕ್ಕಿ ಹೊತ್ತವರಂತೆ ಹಿಡಿದರು. "ಎಡಕ್ಕೆ! ಮೇಲಕ್ಕೆ! ಮಾರ್ಲಾ, ಸೀನಬೇಡ!"

ಕೊನೆಗೆ ಪರದೆಯ ಮೇಲೆ ಹಾಲಿನಂಥ ಬಿಳಿ. ಒಂದು ಗೀಟೂ ಇಲ್ಲ. ಕ್ಯಾಮೆರಾ ಹೊತ್ತ ವ್ಯಾನು ಹೊರಟಾಗ ಎಲ್ಲರೂ ಕುಣಿದರು.

ಗದ್ದಲ ಕೇಳಿ ಓಪಲ್ ಮೇಡಂ ಬಂದರು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಓದಿದರು. ಕಣ್ಣು ಒದ್ದೆ. "ವೆಂಡೆಲ್, ನಿನ್ನದೊಂದೇ ಇಲ್ವಲ್ಲೋ?"

ಗೆದ್ದ ಖುಷಿ, ಎದುರಿಗೇ ಕಿಟಕಿಯ ಕುರ್ಚಿ. ವೆಂಡೆಲ್ ಎದೆ ತುಂಬಿ ಬರೆದ: "ನೀವಿಲ್ಲದೆ ನಮಗೆ ಚಂದ್ರನೇ ಕಾಣಲ್ಲ."

ಮೇಡಂ ಮೂಗು ಸೀಟಿಕೊಂಡರು. "ದಿನಾ ನನ್ನ ಹತ್ರ ಜಗಳ ಆಡೋ ನೀನೇ ಹೀಗಂತೀಯಾ? ಮೇಲಿನೋರು ಇರಿ ಇರಿ ಅಂತ ಗೋಗರೀತಾನೇ ಇದಾರೆ. ಆಯ್ತು, ಇರ್ತೀನಿ ಬಿಡು! ಮಂಗಳದ ಕ್ಯಾಮೆರಾ ಬರ್ತಿದೆ, ಅದನ್ನೂ ಇಬ್ಬರೂ ಸೇರಿ ಮಾಡೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಡೆಲ್ ಕೂಡ ತಟ್ಟಿದ. ಕೈಗವಸು ಇನ್ನೂ ತೆಗೆದಿರಲಿಲ್ಲ, ಸದ್ದೇ ಬರಲಿಲ್ಲ.