ಹಿತ್ತಲಿನ ಪೇಗನ್ ಕ್ಲಾಸು

ನನಗೆ ಮೂದಲಿಸುವುದು ಬಹಳ ಚೆನ್ನಾಗಿ ಬರುತ್ತದೆ. ಇದನ್ನು ನಾನು ನಾಚಿಕೆಯಿಂದ ಹೇಳುತ್ತಿಲ್ಲ. ಪಾಂಡವಪುರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಒಂದು ದಿನವೂ ಕೋಲು ಮುಟ್ಟಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಭಲೇ, ಇದನ್ನ ನೀವೇ ಬರೆದದ್ದಾ?" ಎಂದರೆ ಸಾಕು, ಮಕ್ಕಳಿರಲಿ, ಹೊಸದಾಗಿ ಬಂದ ಮೇಷ್ಟ್ರುಗಳೂ ಬೆವರುತ್ತಿದ್ದರು. ನಿವೃತ್ತಿಯಾದ ಮೇಲೆ ಕಷ್ಟ ಶುರುವಾಯಿತು. ವಿದ್ಯೆ ಇದೆ, ಪ್ರಯೋಗಿಸಲು ಜನವಿಲ್ಲ. ಗಂಜಾಂನ ನಮ್ಮ ಮನೆಯಲ್ಲಿ ಇರುವವರೇ ನಾಲ್ವರು. ಯಜಮಾನರಿಗೆ ನನ್ನ ಮಾತು ನಾಟುವುದಿಲ್ಲ. ನಲವತ್ತು ವರ್ಷದಲ್ಲಿ ಚರ್ಮ ದಪ್ಪವಾಗಿದೆ. ಮಗ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಯೇ ವಾಪಸ್ಸು. ಉಳಿದವಳು ಸೊಸೆ ಪಲ್ಲವಿ. ಬಿಂಡಿಗನವಿಲೆ ಕಡೆಯ ಹುಡುಗಿ, ಇಲ್ಲೇ ಶ್ರೀರಂಗಪಟ್ಟಣದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಾತು ಕಡಿಮೆ, ತಪ್ಪು ಅದಕ್ಕಿಂತ ಕಡಿಮೆ. ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲಂತೂ ಮನೆಯಲ್ಲಿ ಇದ್ದಾಳೋ ಇಲ್ಲವೋ ಎನ್ನುವ ಹಾಗೆ ಓಡಾಡುತ್ತಿದ್ದಳು. ಇಂಥವಳಲ್ಲಿ ಏನನ್ನು ಹುಡುಕಿ ಮೂದಲಿಸುವುದು?

ಕೊನೆಗೆ ಅವಳೇ ದೊಡ್ಡ ಮನಸ್ಸು ಮಾಡಿ ನನಗೊಂದು ವಿಷಯ ಒದಗಿಸಿದಳು. ಶ್ರಾವಣದ ಒಂದು ಭಾನುವಾರ ಬೆಳಗ್ಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಲೋಟ ನೀರು, ಒಂದು ಮೇಣದಬತ್ತಿ, ಹೊಳೆಯಿಂದ ತಂದ ಒಂದು ಕಲ್ಲು, ಯಾವುದೋ ಕಾಗೆಯದ್ದೋ ಕೋಳಿಯದ್ದೋ ಪುಕ್ಕ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಮೊಬೈಲು. ಎದುರಿಗೆ ಕಣ್ಣು ಮುಚ್ಚಿ ಕುಳಿತ ನನ್ನ ಸೊಸೆ.

"ಯಾರಾದ್ರೂ ಮಾಟ ಮಾಡಿಸವ್ರೇನಮ್ಮ?" ಎಂದೆ.

ಅವಳು ಗಾಬರಿಯಾಗಿ ಎದ್ದಳು. "ಇಲ್ಲಾ ಅತ್ತೆ... ಪೇಗನಿಸಂ ಅಂತ. ಇಂಗ್ಲೆಂಡಿನ ಮೇಡಂ ಒಬ್ರು ಆನ್‌ಲೈನಲ್ಲಿ ಕಲಿಸ್ತಾರೆ. ನಂದು ಬಿಗಿನರ್ಸ್ ಬ್ಯಾಚು."

ನನ್ನ ಹಳೆಯ ಇಂಗ್ಲಿಷ್–ಕನ್ನಡ ನಿಘಂಟು ತೆಗೆದು ನೋಡಿದೆ. ಪೇಗನ್ ಎಂದರೆ ಕಲ್ಲು ಮರ ಪೂಜಿಸುವವನು, ಅನ್ಯಮತೀಯ, ಅನಾಗರಿಕ ಎಂದಿತ್ತು. ಮೂಲದಲ್ಲಿ ಹಳ್ಳಿಗ ಎಂಬ ಅರ್ಥವೂ ಇದೆಯಂತೆ. ಬಿಂಡಿಗನವಿಲೆಯಲ್ಲಿ ಕುರಿ ಮೇಯಿಸಿಕೊಂಡು ಬೆಳೆದ ಮನೆಯ ಹುಡುಗಿ ಹಳ್ಳಿಯವಳಾಗುವುದನ್ನು ಇಂಗ್ಲೆಂಡಿನ ಹೆಂಗಸಿನಿಂದ ಕಲಿಯುತ್ತಿದ್ದಾಳೆ! ಎಷ್ಟೋ ದಿನದಿಂದ ಸಪ್ಪಗಿದ್ದ ನನ್ನ ನಾಲಿಗೆಗೆ ಉಪ್ಪು ಹುಳಿ ಖಾರ ಒಟ್ಟಿಗೇ ಸಿಕ್ಕಿದಂತಾಯಿತು.

ಅಂದಿನಿಂದ ಪ್ರತಿ ಭಾನುವಾರ, ಅವಳ ಫೋನಿನ ಕಣ್ಣಿಗೆ ಬೀಳದ ಹಾಗೆ, ಅಲಸಂದೆಕಾಯಿಯನ್ನೋ ಹುರುಳಿಕಾಯಿಯನ್ನೋ ಬಿಡಿಸುವ ನೆಪದಲ್ಲಿ ಹಿತ್ತಲ ಬಾಗಿಲಲ್ಲಿ ಕೂತು ನಾನೂ ಪಾಠ ಕೇಳತೊಡಗಿದೆ. ಕಲಿಸುವ ಮೇಡಂ ತಲೆಗೆ ಸೊಪ್ಪಿನ ಕಿರೀಟ ಇಟ್ಟುಕೊಂಡಿದ್ದರು, ನಮ್ಮಲ್ಲಿ ಆಡು ಕಂಡರೆ ಬಿಡುತ್ತಿರಲಿಲ್ಲ. ಭೂಮಿ ಉತ್ತರಕ್ಕಂತೆ, ಗಾಳಿ ಪೂರ್ವಕ್ಕಂತೆ, ಬೆಂಕಿ ದಕ್ಷಿಣಕ್ಕಂತೆ. ನಮ್ಮ ಗ್ಯಾಸ್ ಒಲೆ ಉತ್ತರಕ್ಕಿದೆ, ಇಷ್ಟು ವರ್ಷ ಅನ್ನ ಬೆಂದದ್ದು ಹೇಗೋ! ನೀರನ್ನು ನೆನೆಯಲು ಎಲ್ಲರೂ ಪಶ್ಚಿಮಕ್ಕೆ ತಿರುಗಬೇಕು ಎಂದಾಗ ನನಗೆ ತಡೆಯಲಾಗಲಿಲ್ಲ. "ನಾವಿರೋದು ದ್ವೀಪದಲ್ಲಿ ಅಂತ ನಿಮ್ಮ ಮೇಡಂಗೆ ಹೇಳಮ್ಮ. ಯಾವ ಕಡೆ ತಿರುಗಿದ್ರೂ ಕಾವೇರಿನೇ, ಕತ್ತು ಉಳುಕಿಸ್ಕೋಬೇಡ" ಎಂದೆ. ವರ್ಷಕ್ಕೆ ಎಂಟು ಹಬ್ಬಗಳನ್ನು ಆಚರಿಸುವುದು ಬಹಳ ಶಿಸ್ತಿನ ಕೆಲಸ ಎಂದು ಆಕೆ ಎಚ್ಚರಿಸಿದರು. ಗೌರಿ ಹಬ್ಬದಿಂದ ದೀಪಾವಳಿಯೊಳಗೆ ಅಷ್ಟನ್ನು ಮುಗಿಸಿ ಪಾತ್ರೆ ತೊಳೆದು ಬೋರಲು ಹಾಕುವವಳು ನಾನು. ನನಗೆ ಯಾರೂ ಸರ್ಟಿಫಿಕೇಟು ಕೊಟ್ಟಿಲ್ಲ.

ನಾಲ್ಕನೆಯ ಪಾಠ ಮರವನ್ನು ಅಪ್ಪಿಕೊಂಡು ಅದರ ಮಾತು ಕೇಳುವುದು. ಹಿತ್ತಲಲ್ಲಿ ಇರುವುದು ಒಂದೇ ನುಗ್ಗೆಮರ, ಮಳೆಗಾಲದಲ್ಲಿ ಅದರ ಕಾಂಡದ ತುಂಬ ಕಂಬಳಿಹುಳು. ಹೇಳೋಣವೆಂದುಕೊಂಡೆ, ಆದರೆ ಕಲಿಯುವವರು ಸ್ವಂತ ಅನುಭವದಿಂದ ಕಲಿಯಲಿ ಎನ್ನುವುದು ನನ್ನ ಬೋಧನಾ ಪದ್ಧತಿ. ಸುಮ್ಮನಿದ್ದೆ. ಐದು ನಿಮಿಷದಲ್ಲಿ ಪಲ್ಲವಿಯ ಕೆನ್ನೆ, ಕುತ್ತಿಗೆ, ಕೈ ಎಲ್ಲ ಕೆಂಪಗೆ ದದ್ದೆದ್ದವು. ಯಜಮಾನರು ಓಡಿಬಂದು ಕೊಬ್ಬರಿಎಣ್ಣೆ ಕೊಡುತ್ತ, "ತಬ್ಕೊಳಕೆ ಬ್ಯಾರೆ ಮರ ಸಿಗ್ನಿಲ್ವೇನವ್ವಾ? ನುಗ್ಗೆ ಮರವಾ ಯಾರಾದ್ರೂ ತಬ್ಕೊತಾರಾ?" ಎಂದು ಮರುಗಿದರು. ಮರ ನಿನಗೆ ಉತ್ತರ ಕೊಟ್ಟಿದೆ, ಅದರ ಅರ್ಥ ಹುಡುಕು ಎಂದು ಮೇಡಂ ಹೇಳಿದರಂತೆ. ಈ ಕತೆಯನ್ನು ನಾನು ನಿಮಿಷಾಂಬ ದೇವಸ್ಥಾನದ ಮೆಟ್ಟಿಲ ಮೇಲೆ ಹೇಳಿದೆ, ತರಕಾರಿ ಅಂಗಡಿಯಲ್ಲಿ ಹೇಳಿದೆ, ನಾಗಮಂಗಲದಲ್ಲಿರುವ ನನ್ನ ತಂಗಿಗೆ ಫೋನು ಮಾಡಿ ಎರಡು ಸಲ ಹೇಳಿದೆ. ಪಲ್ಲವಿ ಮರುವಾರ ಮತ್ತೆ ಕಲ್ಲಿನ ಮುಂದೆ ಹೋಗಿ ಕುಳಿತಳು.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮಲ್ಲಿ ಹಿರಿಯರ ಹಬ್ಬವೆಂದರೆ ಜೋರು. ಮಾವ, ಅತ್ತೆ, ಮಾವನ ತಂದೆ, ಮದುವೆಯಾಗದೆ ಸತ್ತ ಚಿಕ್ಕಮಾವ, ನಾಲ್ವರಿಗೂ ಸಾಲಾಗಿ ಎಲೆ ಹಾಕಿ ಎಡೆ ಇಡಬೇಕು. ಮಾಂಸದ ಸಾರು, ಮುದ್ದೆ, ಕಜ್ಜಾಯ, ಹೊಸ ಪಂಚೆ. ಮಾವನ ತಂದೆಗೆ ಬೀಡಿ, ಚಿಕ್ಕಮಾವನಿಗೆ ಒಂದು ಸಣ್ಣ ಬಾಟ್ಲಿ. ಅಡುಗೆಯಲ್ಲಿ ಮುಕ್ಕಾಲು ಭಾಗ ಮಾಡಿದವಳು ಪಲ್ಲವಿ. ನಾನು ಎಲೆಗಳನ್ನು ಹಾಸುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ, "ಅತ್ತೆ, ಇನ್ನೊಂದೆಲೆ ಹಾಕ್ಲಾ?" ಎಂದಳು.

"ಯಾರಿಗೆ? ನಿಮ್ಮ ಸೊಪ್ಪಿನ ಮೇಡಂಗಾ?" ಎಂದೆ.

ನೆಂಟರೆಲ್ಲ ಗೊಳ್ಳೆಂದು ನಕ್ಕರು. ನಾಗಮಂಗಲದ ತಂಗಿಯಂತೂ ಕಣ್ಣೊರೆಸಿಕೊಂಡು ನಕ್ಕಳು. ಪಲ್ಲವಿ ಕೈಯಲ್ಲಿದ್ದ ಎಲೆಯನ್ನು ಮಡಚಿ ಅಡುಗೆಮನೆಗೆ ಹೋದಳು. ಅಂದು ನನಗೆ ನನ್ನ ಮಾತಿನ ಬಗ್ಗೆ ಬಹಳ ತೃಪ್ತಿಯಾಗಿತ್ತು.

ಅಕ್ಟೋಬರ್ ಕೊನೆಯಲ್ಲಿ ಮೇಡಂನವರ ಹಬ್ಬವೊಂದು ಬಂತು. ಸಂಜೆ ಹಿತ್ತಲ ಕಲ್ಲಿನ ಮೇಲೆ ಪಲ್ಲವಿ ಒಂದು ಸ್ಟೀಲ್ ತಟ್ಟೆ ಇಟ್ಟು, ಮುದ್ದೆ, ಹುರುಳಿ ಸಾರು, ಒಂದು ಹಸಿ ಈರುಳ್ಳಿ ಬಡಿಸುತ್ತಿರುವುದು ಕಿಟಕಿಯಿಂದ ಕಾಣಿಸಿತು. ಯಾರೂ ಇಲ್ಲದ ಜಾಗಕ್ಕೆ ಊಟ! ಫೋಟೊ ತೆಗೆದು ತಂಗಿಗೆ ಕಳಿಸೋಣವೆಂದು ಫೋನು ಹಿಡಿದು ಹೊರಟೆ. ಅಲ್ಲಿ ನೋಡಿದರೆ ಗೋಡೆಯ ಆಚೆ ನಮ್ಮ ಪಕ್ಕದ ಮನೆಯ ಮುಮ್ತಾಜ್ ನಿಂತಿದ್ದಾಳೆ. ಇಪ್ಪತ್ತು ವರ್ಷದಿಂದ ನನ್ನ ರವಿಕೆ ಹೊಲಿಯುವವಳು, ನನ್ನಷ್ಟೇ ಬಾಯಿ ಇರುವವಳು. ಈಗ ಸೆರಗನ್ನು ತಲೆಯ ಮೇಲೆ ಹೊದ್ದು, ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುತ್ತಿದ್ದಳು.

"ನೀನೂ ಈ ಕ್ಲಾಸಿಗೆ ಸೇರ್ಕೊಂಡ್ಯಾ ಮುಮ್ತಾಜ್?" ಎಂದೆ.

ಅವಳು ಕೈ ಇಳಿಸಿ ನನ್ನನ್ನು ನೋಡಿದಳು. "ಅವ್ಳ್ ಅಮ್ಮಂದು ತಟ್ಟೆ ಟೀಚರಮ್ಮ ಅದು. ನಿಮ್ಗೆ ಗೊತ್ತಿಲ್ವಾ? ಊರಲ್ಲಿರೋ ಅವ್ಳ್ ಅಣ್ಣ ಅನ್ನೋವ್ನು ಹಿರಿಯರ ಹಬ್ಬಕ್ಕೆ ಕರೀಲೇ ಇಲ್ವಂತೆ. ಪಾಪ, ಈ ಬಚ್ಚಿ ಎಲ್ಲೋಗಿ ಇಡ್ಬೇಕು ಹೇಳಿ? ತೀರ್ಕೊಂಡಿರೋ ನಮ್ ಅಮ್ಮೀಜಾನ್ ಹೆಸ್ರಲ್ಲಿ ಫಾತೆಹಾ ನಾನು ನನ್ ಗಂಡನ್ ಮನೇಲೇ ಓದಿಸ್ತೀನಿ. ಯಾರೂ ಏನೂ ಅನ್ನಲ್ಲ."

ಪಲ್ಲವಿ ತಲೆ ಎತ್ತಲಿಲ್ಲ. "ಇವತ್ತು ಮೇಡಂ ಕಡೆ ಹಿರಿಯರ ಹಬ್ಬ ಅತ್ತೆ. ಪ್ರೀತಿ ಇರೋರಿಗೆ ಯಾರ್ ಬೇಕಾದ್ರೂ ತಟ್ಟೆ ಇಡಬೋದು ಅಂದ್ರು. ಯಾರ ಅಪ್ಪಣೆನೂ ಕೇಳೋದು ಬೇಡ ಅಂದ್ರು" ಎಂದಳು.

ಅಪ್ಪಣೆ ಕೇಳಿದ್ದಳಲ್ಲ, ಎಲೆ ಹಿಡಿದುಕೊಂಡು ಬಂದು. ಕೇಳಿದ್ದು ನನ್ನನ್ನೇ. ನಾನು ಕೊಟ್ಟ ಉತ್ತರವೂ ಅದಕ್ಕೆ ಬಿದ್ದ ನಗುವೂ ಒಟ್ಟಿಗೇ ಕಿವಿಗೆ ಬಂದವು. ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಕ್ಷಮೆ ಕೇಳಬೇಕಿತ್ತು, ಆದರೆ ಆ ಪಾಠವನ್ನು ನಾನು ಸರ್ವೀಸಿನಲ್ಲೂ ಮಾಡಿರಲಿಲ್ಲ. "ಸಾರಿಗೆ ಉಪ್ಪು ಹಾಕಿದೀಯಾ?" ಎಂದೆ.

"ಅಮ್ಮಂಗೆ ಉಪ್ಪು ಕಮ್ಮಿನೇ ಇಷ್ಟ" ಎಂದಳು.

ಅಷ್ಟು ಹೊತ್ತು ನಿಂತವಳು ಒಳಗೆ ಹೋಗಬಹುದಿತ್ತು. ಹೋಗದೆ, "ನಮ್ಮವ್ವಂಗೂ ಒಂದು ತಟ್ಟೆ ತಗೊಂಬಾ" ಎಂದುಬಿಟ್ಟೆ. ನನ್ನ ತಾಯಿ ಸಂತೆಬಾಚಹಳ್ಳಿಯಲ್ಲಿ ತೀರಿಕೊಂಡಾಗ ನಾನಿನ್ನೂ ಹೊಸ ಸೊಸೆ. ಅಂದಿನಿಂದ ಈ ಮನೆಯಲ್ಲಿ ವರ್ಷ ತಪ್ಪದೆ ಎಡೆ ಇಟ್ಟಿದ್ದೇನೆ, ಆಕೆಗೆ ಒಂದು ಸಲವೂ ಇಟ್ಟಿಲ್ಲ. ಇಡಬಹುದು ಎಂದು ಹೊಳೆದೂ ಇರಲಿಲ್ಲ.

ಪಲ್ಲವಿ ತಟ್ಟೆ ತಂದು ತನ್ನ ತಾಯಿಯ ತಟ್ಟೆಯ ಪಕ್ಕಕ್ಕಿಟ್ಟು, "ಅಜ್ಜಿಗೆ ಏನಿಷ್ಟ ಅತ್ತೆ? ಮಾಡ್ಕೊಂಡು ಬತ್ತೀನಿ" ಎಂದಳು.

ನಾನು ಕಣ್ಣಲ್ಲೂ ಕಾಣದ ಮಾವನ ತಂದೆ ಸೇದುತ್ತಿದ್ದ ಬೀಡಿ ಯಾವುದು ಎಂದು ಗೊತ್ತು. ಚಿಕ್ಕಮಾವನಿಗೆ ತಲೆಮಾಂಸ ಆಗಬೇಕು, ಕಾಲು ಸೇರುತ್ತಿರಲಿಲ್ಲ ಎನ್ನುವುದೂ ಗೊತ್ತು. ನನ್ನನ್ನು ಹೆತ್ತವಳಿಗೆ ಏನಿಷ್ಟ? ನೆನಪಿಗೆ ಬಂದದ್ದು ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳ ಬಳಿಯುತ್ತಿದ್ದ ಕೈ ಮಾತ್ರ.

"ಗೊತ್ತಿಲ್ಲಮ್ಮ" ಎಂದೆ. ಈ ಮಾತನ್ನು ನಾನು ಇಷ್ಟು ಸಣ್ಣ ದನಿಯಲ್ಲಿ ಹೇಳಿದ್ದು ಅದೇ ಮೊದಲು.

"ಗೊತ್ತಿಲ್ದೇ ಇದ್ರೆ ಅವರನ್ನೇ ಕೇಳ್ಬೇಕಂತೆ ಅತ್ತೆ."

ಮುಮ್ತಾಜ್ ಗೋಡೆಯಾಚೆಯಿಂದ, "ಕೇಳಿ ಟೀಚರಮ್ಮ, ನಾನ್ ಯಾರ್ಗೂ ಹೇಳಲ್ಲ" ಎಂದಳು. ಹೇಳದೆ ಇರುವವಳಲ್ಲ. ಆದರೂ ಬಗ್ಗಿ, ಖಾಲಿ ತಟ್ಟೆಯ ಕಡೆ ನೋಡಿ, "ಅವ್ವಾ, ನಿಂಗೇನ್ ಬೇಕವ್ವಾ?" ಎಂದು ಕೇಳಿಯೇಬಿಟ್ಟೆ. ಅವ್ವ ಉತ್ತರಿಸಿದ್ದರೆ ಏನೆನ್ನುತ್ತಿದ್ದಳು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ: "ನೀವೆಲ್ಲಾ ಉಂಡ್ರಾ? ಮಿಕ್ಕಿದ್ರೆ ಹಾಕು."

ಮಿಗುವುದನ್ನು ಕಾಯದೆ ಪಲ್ಲವಿಯ ಕೈಯಿಂದ ಸೌಟು ತೆಗೆದುಕೊಂಡೆ. ಮೊದಲ ಮುದ್ದೆ, ಮೇಲಿನ ಸಾರು. ಅಷ್ಟರಲ್ಲಿ ಒಳಗಿನಿಂದ ಯಜಮಾನರು, "ಏನಮ್ಮಿ, ಹೊಟ್ಟೆ ಅಸೀತಾದೆ, ಇಕ್ತೀಯೋ ಇಲ್ವೋ?" ಎಂದು ಕೂಗಿದರು.

"ಒಂಚೂರು ತಡೀರಿ," ಎಂದೆ, "ಕ್ಲಾಸು ನಡೀತಾ ಇದೆ."