ಗುರುಸಿದ್ದವ್ವ ತಾಂತ್ರಿಕರಾದದ್ದು

ದಾಂಡೇಲಿಯ ಕಾಳಿದಂಡೆ ಕಾಗದ ಕಾರ್ಮಿಕರ ಪತ್ತಿನ ಸಹಕಾರಿ ಸಂಘದ ಐವತ್ತು ವರ್ಷಗಳ ಇತಿಹಾಸದಲ್ಲಿ ಒಬ್ಬ ವ್ಯಕ್ತಿಯನ್ನು ಠರಾವಿನ ಮೂಲಕ ತಾಂತ್ರಿಕರೆಂದು ಘೋಷಿಸಿದ್ದು ಒಮ್ಮೆ ಮಾತ್ರ. ಹಾಗೆ ಘೋಷಿತರಾದವರು ನನ್ನ ಸೋದರತ್ತೆ ಗುರುಸಿದ್ದವ್ವ, ವಯಸ್ಸು ಅರವತ್ತೊಂಬತ್ತು, ಮಿಲ್ಲಿನಲ್ಲಿ ಕೆಲಸಕ್ಕಿದ್ದ ದಿವಂಗತ ಲಗಮಪ್ಪನವರ ಪತ್ನಿ. ಆ ಘೋಷಣೆಯನ್ನು ಟೈಪು ಮಾಡಿ, ಮೊಹರು ಒತ್ತಿ, ಸಂಘದ ಬಾಗಿಲಿಗೆ ಅಂಟಿಸಿದವನು ಸಂಘದ ಗುಮಾಸ್ತನಾದ ನಾನೇ, ಉದಯಕುಮಾರ. ಅಂಟು ಚೆನ್ನಾಗಿತ್ತು, ಇನ್ನೂ ಬಿಟ್ಟಿಲ್ಲ.

ಡಿಸೆಂಬರಿನ ಒಂದು ಸೋಮವಾರ ಅತ್ತೆ ಕಚೇರಿಗೆ ಬಂದು ನನ್ನ ಮೇಜಿನ ಎದುರು ಕೂತಳು. ಅವಳ ಮೊಮ್ಮಗಳು ಶಿವಗಂಗಾ ಹಳಿಯಾಳದಲ್ಲಿ ಕುಸ್ತಿ ಕಲಿಯುತ್ತಾಳೆ. ಫೆಬ್ರವರಿಯ ಕೊನೆಯ ಭಾನುವಾರ ದಾವಣಗೆರೆಯಲ್ಲಿ ರಾಜ್ಯಮಟ್ಟದ ಪಂದ್ಯ. ಅಷ್ಟು ದೂರ ಹೋಗಲು ಅತ್ತೆಯ ಮೊಣಕಾಲು ಒಪ್ಪುವುದಿಲ್ಲ. ಪಂದ್ಯ ಯಾವ ಚಾನಲ್ಲಿನಲ್ಲೂ ಬರುವುದಿಲ್ಲ, ಇಂಟರ್ನೆಟ್ಟಿನಲ್ಲಿ ಮಾತ್ರ ಬರುತ್ತದೆ.

"ಉದಯಾ, ನನಗ ಆಕೀ ಕುಸ್ತಿ ನೋಡಬೇಕಾಗೇತಿ," ಎಂದಳು.

"ನನ್ನ ಮೊಬೈಲಿನ್ಯಾಗ ತೋರಸ್ತೇನಿ ತಗೋ ಅತ್ತಿ."

"ಹೋದ ವರ್ಷ ನೋಡೇನಲ್ಲ ನಿನ್ನ ಮೊಬೈಲಿನ್ಯಾಗ. ಎರಡು ಇರುವಿ ಸಕ್ಕರಿಗೆ ಜಗಳಾಡಿದಂಗ ಕಾಣ್ತೈತಿ. ಯಾವ ಇರುವಿ ನಮ್ಮದು ಅಂತನ ತಿಳಿಯೂದಿಲ್ಲ. ನಿಮ್ಮ ಮಾವ ಗರಡಿ ಮಣ್ಣಾಗ ಬೆಳದಾವ್ರು. ಅವರು ತಂದ ಟಿ.ವಿ. ಮ್ಯಾಲ ಆಕಿ ಕುಸ್ತಿ ಹಿಡದಿದ್ದು ನಾ ನೋಡಬೇಕು. ಟಿ.ವಿ. ಹಿಂದ ಸಿಗಸೂ ಡಬ್ಬಿ ಸಿಗ್ತಾವಂತಲ್ಲ, ಅಗ್ಗದ್ದು, ನನ್ನಂಥಾ ಓದು ಬರದಾಕಿಗೆ ತಿಳಿಯೂವಂಥಾದ್ದು ಒಂದು ಆರಿಸಿ ಕೊಡಪಾ. ಮತ್ತೇನ ಬ್ಯಾಡ."

ಬಸ್‌ಸ್ಟ್ಯಾಂಡ್ ಹತ್ತಿರ ಟಿ.ವಿ. ಅಂಗಡಿ ಇಟ್ಟಿರುವ ಕಿರಣಕುಮಾರನಿಗೆ ಫೋನು ಮಾಡಿದೆ. ಅವನು ಅರ್ಧ ನಿಮಿಷದಲ್ಲಿ ಹೇಳಿದ: "ಮೂರು ನಮೂನಿ ಅದಾವರಿ. ಅತ್ತ್ಯಾರಿಗೆ ಅಂದ್ರ ಸಣ್ಣದ ಒಯ್ಯಿರಿ. ಎಲ್ಲಾಕ್ಕಿಂತ ಅಗ್ಗ, ರಿಮೋಟಿಗೆ ಐದಾರ ಗುಂಡಿ. ಒಂದು ಗುಂಡಿ ಒತ್ತಿ ಬಾಯಲೆ ಹೇಳಿದ್ರ ಸಾಕು, ಅದ ಹುಡುಕಿ ಹಚ್ಚತೈತಿ."

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಾನು ಶಿಸ್ತಿನ ನೌಕರ. ಅಂಗಡಿಗೆ ಹೋಗಿ ಬರಲು ಅರ್ಧ ಗಂಟೆಯ ಅನುಮತಿ ಕೇಳಿ ಅಧ್ಯಕ್ಷರಾದ ಅಡಿವೆಯ್ಯನವರ ಕೋಣೆಗೆ ಹೋದೆ, ಕಾರಣವನ್ನೂ ಹೇಳಿದೆ.

ಅಯ್ಯನವರು ಕನ್ನಡಕ ತೆಗೆದರು. "ನಿಮ್ಮತ್ತಿ ಒಬ್ಬಾಕಿನ ಏನೋ ತಮ್ಮಾ? ಇಂಥಾ ಅತ್ತ್ಯಾರು ದಾಂಡೇಲ್ಯಾಗ ಎಷ್ಟ ಮಂದಿ ಇಲ್ಲ! ಸುವರ್ಣ ಮಹೋತ್ಸವಕ್ಕ ಒಂದು ಯೋಜನಾ ಬೇಕಾಗಿತ್ತು. ಸಿಕ್ತು ನೋಡು. ಡಬ್ಬಿ ಪುಕ್ಕಟ ಕೊಡೂಣು, ಮೊದಲನೇದ್ದು ನಿಮ್ಮತ್ತಿಗೇನ."

ಹೀಗೆ 'ಸುಲಭ ದರ್ಶನ ಯೋಜನೆ' ಹುಟ್ಟಿತು. ನಾನೇ ಒಂದು ಡಬ್ಬಿ ಕೊಂಡುಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೊಡಬಹುದಿತ್ತು. ಆದರೆ ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ತರುವ ಗುಮಾಸ್ತನಿಗೆ ಸಂಘದ ಮೇಲೆ ನಂಬಿಕೆ ಇಲ್ಲವೆಂದು ಅರ್ಥ ಎಂದು ಅಯ್ಯನವರು ಹೇಳಿದರು. ಅವರು ಹಾಗೆ ಹೇಳುವಾಗ ನನ್ನ ಬಡ್ತಿಯ ಕಡತ ಅವರ ಮೊಣಕೈಯ ಕೆಳಗಿತ್ತು. ನನಗೆ ನಾಚಿಕೆಯಾಗುತ್ತದೆ. ಆಗಲೂ ಸ್ವಲ್ಪ ಆಗಿತ್ತು.

ಡಬ್ಬಿ ಆಯ್ಕೆಗೆ ಮೂವರ ಸಮಿತಿ ರಚನೆಯಾಯಿತು. ಅಧ್ಯಕ್ಷ ಅಡಿವೆಯ್ಯನವರು, ನಿವೃತ್ತ ಕನ್ನಡ ಶಿಕ್ಷಕಿಯಾದ ನಿರ್ದೇಶಕಿ ವಿದ್ಯಾವತಿ ಬಾಯಿಯವರು, ಕಟ್ಟಿಗೆ ವ್ಯಾಪಾರಿಯಾದ ನಿರ್ದೇಶಕ ಜ್ಯೋತಿಬಾ. ಕಿರಣಕುಮಾರನ ಸಲಹೆಯನ್ನು ಸಮಿತಿಯು ಸಂಶಯದಿಂದ ಪರಿಶೀಲಿಸಿತು. ಅರ್ಧ ನಿಮಿಷದಲ್ಲಿ ತೀರ್ಮಾನವಾಗುವ ವಿಷಯಕ್ಕೆ ಸಮಿತಿಯೇ ಬೇಕಾಗುವುದಿಲ್ಲ, ಸಮಿತಿ ಈಗಾಗಲೇ ಇದೆ, ಆದ್ದರಿಂದ ಸಲಹೆ ತಪ್ಪಾಗಿರಬೇಕು ಎಂಬುದು ಸರ್ವಾನುಮತದ ಅಭಿಪ್ರಾಯ. ಅಧ್ಯಯನಕ್ಕಾಗಿ ಸಮಿತಿ ಮುಂಡಗೋಡಕ್ಕೆ ಒಂದು ದಿನ ಹೋಗಿಬಂತು. ಗೋವಾಕ್ಕೆ ನಾಲ್ಕು ದಿನ ಹೋಗಿಬಂತು. ಗೋವಾದ ಸಮುದ್ರದಂಡೆಯ ಹೋಟೆಲುಗಳಲ್ಲಿ ಕೋಣೆಗೊಂದು ಟಿ.ವಿ. ಇರುವುದರಿಂದ ಅಲ್ಲಿ ಅಧ್ಯಯನಕ್ಕೆ ಹೆಚ್ಚು ಅವಕಾಶವಿತ್ತು ಎಂದು ವರದಿಯಲ್ಲಿ ನಮೂದಾಗಿದೆ. ಕೊನೆಗೆ ಕಿರಣಕುಮಾರ ಹೇಳಿದ ಅದೇ ಸಣ್ಣ ಡಬ್ಬಿಯನ್ನೇ ಆರಿಸಿ, ನಮೂನೆಗೆಂದು ಮೂರು ಡಬ್ಬಿ ತರಿಸಿದರು. ಅಷ್ಟರಲ್ಲಿ ಜನವರಿ ಮುಗಿದಿತ್ತು.

ಇಷ್ಟರ ನಡುವೆ ಅತ್ತೆ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. "ಬಂತೇನೋ?" ಎನ್ನುತ್ತಿದ್ದಳು. "ಪ್ರಗತಿಯಲ್ಲೈತಿ ಅತ್ತಿ," ಎನ್ನುತ್ತಿದ್ದೆ. ಮನೆಗೆ ಕೇಬಲ್ಲಿನವನಿಂದ ಇಂಟರ್ನೆಟ್ ಕೂಡ ಹಾಕಿಸಿಕೊಂಡು ಕಾಯುತ್ತಿದ್ದಳು.

ನಂತರ ನಿಯಮಾವಳಿ ಬಂತು. ಅದರಲ್ಲಿ ಓದುಗರು ಏಳನೆಯದನ್ನು ನೆನಪಿಟ್ಟುಕೊಂಡರೆ ಸಾಕು. "ನಿಯಮ ೭: ಈ ಯೋಜನೆಯು ತಾಂತ್ರಿಕೇತರರಿಗೆ ಮಾತ್ರ. ಫಲಾನುಭವಿಯು ಯಾವುದೇ ಕಾಲಕ್ಕೆ ಡಬ್ಬಿಯನ್ನು ಸ್ವತಃ ನಡೆಸಬಲ್ಲರೆಂದು ಕಂಡುಬಂದಲ್ಲಿ, ಸದರಿಯವರನ್ನು ತಾಂತ್ರಿಕರೆಂದು ಪರಿಗಣಿಸಿ ಡಬ್ಬಿಯನ್ನು ಹಿಂಪಡೆಯತಕ್ಕದ್ದು."

ಅರ್ಜಿಯನ್ನು ನಾನೇ ತುಂಬಿಸಿಕೊಂಡೆ. ನಾಲ್ಕನೆಯ ಕಲಮಿನಲ್ಲಿ ಅರ್ಜಿದಾರರು ತಾಂತ್ರಿಕರೇ ಎಂಬ ಪ್ರಶ್ನೆ ಇತ್ತು. ಓದಿ ಹೇಳಿದೆ. ಕೇಳಿದ್ದು ಯಂತ್ರದ ಬಗ್ಗೆ, ಅತ್ತೆಗೆ ಕೇಳಿಸಿದ್ದು ಮಾಟದ ಬಗ್ಗೆ.

"ಶಿವಶಿವಾ!" ಎಂದು ಎದ್ದು ನಿಂತಳು. "ದಿನಾ ಲಿಂಗಪೂಜಿ ಮಾಡೂ ಮನಿತನ ನಮ್ಮದು. ಮಾಟಾ ಮಂತ್ರಾ ಮಾಡಿದವ್ರು ಏಳು ತಲಿಯಾಗ ಯಾರೂ ಇಲ್ಲ. ಯಾವ ಬಾಡ್ಯಾ ಹೇಳಿದಾಂವ?"

ಅರ್ಜಿದಾರರ ಉತ್ತರವನ್ನು ಅಕ್ಷರಶಃ ದಾಖಲಿಸಬೇಕು ಎಂಬ ನಿಯಮವಿದ್ದುದರಿಂದ ಅಕ್ಷರಶಃ ದಾಖಲಿಸಿದೆ. ಸಮಿತಿ ಅದನ್ನು ಗಂಭೀರವಾಗಿ ಓದಿತು.

"ಆಕಿನ ಅಲ್ಲಂದ್ರ ಆತೇನು?" ಎಂದರು ಜ್ಯೋತಿಬಾ. "ಪುರಾವೆ ಬೇಕೋ ಬ್ಯಾಡೋ?"

"ಹಂಗಾರ ಪರೀಕ್ಷಾ ಮಾಡೂಣ್ರಿ," ಎಂದರು ವಿದ್ಯಾವತಿ ಬಾಯಿ. "ಡಬ್ಬಿ ಎಷ್ಟು ಸುಲಭ ಅನ್ನೂದೂ ತಿಳಿತೈತಿ, ಅರ್ಜಿದಾರರು ಎಷ್ಟು ತಾಂತ್ರಿಕರು ಅನ್ನೂದೂ ತಿಳಿತೈತಿ."

ಫೆಬ್ರವರಿಯ ಎರಡನೆಯ ಶನಿವಾರ ಸಂಘದ ಸಭಾಭವನದಲ್ಲಿ ಪರೀಕ್ಷೆ ನಡೆಯಿತು. ಕಿರಣಕುಮಾರ ಬಂದು ಡಬ್ಬಿ ಸಿಕ್ಕಿಸಿಕೊಟ್ಟು ಹೋದ. ಮಾದರಿಗಾಗಿ ಸಮಿತಿಯವರೇ ಮೊದಲು ನಡೆಸಿ ತೋರಿಸಬೇಕೆಂದು ನಿರ್ಣಯವಾಗಿತ್ತು. ಅಯ್ಯನವರು ರಿಮೋಟು ಎತ್ತಿಕೊಂಡು ಗಟ್ಟಿಯಾಗಿ ಒತ್ತಿದರು. ಅವರು ಎತ್ತಿಕೊಂಡದ್ದು ಎ.ಸಿ.ಯ ರಿಮೋಟು ಎಂದು ಹೇಳುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ. ಕೋಣೆ ತಂಪಾಯಿತು, ಚಪ್ಪಾಳೆ ಬಿತ್ತು. ವಿದ್ಯಾವತಿ ಬಾಯಿಯವರು ಸರಿಯಾದ ರಿಮೋಟನ್ನೇ ಹಿಡಿದು, ಮಾತಿನ ಗುಂಡಿ ಒತ್ತಿ, "ಮಲ್ಲಯುದ್ಧದ ದೃಶ್ಯಾವಳಿಯನ್ನು ಪ್ರಸ್ತುತಪಡಿಸತಕ್ಕದ್ದು," ಎಂದು ಸ್ಪಷ್ಟವಾಗಿ ಉಚ್ಚರಿಸಿದರು. ಡಬ್ಬಿ ತುಸು ಯೋಚಿಸಿ ಹಾಗಲಕಾಯಿ ಪಲ್ಯ ಮಾಡುವ ವಿಧಾನ ತೋರಿಸಿತು. ಜ್ಯೋತಿಬಾ ಎಲ್ಲ ಗುಂಡಿಗಳನ್ನೂ ಒಟ್ಟಿಗೇ ಒತ್ತಿದ್ದರಿಂದ ಪರದೆಯ ಅಕ್ಷರಗಳೆಲ್ಲ ನಮಗೆ ಗುರುತೇ ಇಲ್ಲದ ಲಿಪಿಗೆ ತಿರುಗಿದವು. "ಬರೋಬ್ಬರಿ ಆತು," ಎಂದು ಅವರು ಕೂತರು.

ಆಮೇಲೆ ಅತ್ತೆಯ ಸರದಿ. ಸೆರಗಿಗೆ ಕೈ ಒರೆಸಿಕೊಂಡು ರಿಮೋಟು ತೆಗೆದುಕೊಂಡಳು. ಯಾವ ಲಿಪಿಯೂ ಓದಲು ಬಾರದವಳಿಗೆ ಲಿಪಿ ಬದಲಾದದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ. ವಿದ್ಯಾವತಿ ಬಾಯಿ ಒತ್ತಿದ್ದ ಗುಂಡಿಯನ್ನೇ ಒತ್ತಿ, ಕೂಸಿಗೆ ಹೇಳುವಂತೆ ಹೇಳಿದಳು: "ಯವ್ವಾ, ಹಳಿಯಾಳದ ಹುಡಿಗ್ಯಾರ ಕುಸ್ತಿ ಹಚ್ಚವಾ."

ಪರದೆಯ ತುಂಬ ಕುಸ್ತಿ ಬಂತು. ಅತ್ತೆಯ ಮುಖ ಅರಳಿತು. "ಅಯ್ಯ, ಇಷ್ಟ ಏನ!" ಎಂದು ನನ್ನ ಕಡೆ ತಿರುಗಿ ನಕ್ಕಳು. ನಾನೂ ನಕ್ಕೆ. ನಗಬಾರದಿತ್ತು, ಏಕೆಂದರೆ ಸಮಿತಿಯವರು ಯಾರೂ ನಗುತ್ತಿರಲಿಲ್ಲ.

ವಿದ್ಯಾವತಿ ಬಾಯಿಯವರು ನಿಯಮಾವಳಿಯ ಹಾಳೆ ತಿರುವಿದರು. "ಏಳನೇ ನಿಯಮ," ಎಂದರು, ವಿಷಾದದಿಂದಲೇ. ಡಬ್ಬಿ ನಡೆಸಲು ಬಂದವಳು ಅತ್ತೆ ಒಬ್ಬಳೇ. ಆದ್ದರಿಂದ ಅವಳು ತಾಂತ್ರಿಕಳು, ಅರ್ಜಿ ತಿರಸ್ಕೃತ. ಡಬ್ಬಿ ನಡೆಸಲು ಬಾರದೆಂದು ಸಾರ್ವಜನಿಕವಾಗಿ ಸಾಬೀತಾದವರು ಸಮಿತಿಯ ಮೂವರು. ಡಬ್ಬಿಗಳೂ ಮೂರೇ ಇದ್ದವು. ಲೆಕ್ಕ ಇಷ್ಟು ಸರಿಯಾಗಿ ಕೂಡಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಮೂವರೂ ಮೊದಲು ಬೇಡವೆಂದರು, ಆಮೇಲೆ ನಿಯಮಕ್ಕೆ ತಲೆಬಾಗಿದರು.

ಸೋಮವಾರ ನಾನು ಪ್ರಕಟಣೆ ಬರೆದೆ: "ಶ್ರೀಮತಿ ಗುರುಸಿದ್ದವ್ವ ಲಗಮಪ್ಪ ಇವರು ತಾಂತ್ರಿಕರು ಎಂಬುದು ಸಮಿತಿಯ ಸಮಕ್ಷಮ ನಡೆದ ಪರೀಕ್ಷೆಯಲ್ಲಿ ನಿಸ್ಸಂಶಯವಾಗಿ ಸಾಬೀತಾಗಿದೆ. ಸಾರ್ವಜನಿಕರು ಇದನ್ನು ಗಮನಿಸಬೇಕಾಗಿ ಕೋರಿದೆ."

ಸಾರ್ವಜನಿಕರು ಗಮನಿಸಿದರು. ಮರುದಿನ ಬೆಳಿಗ್ಗೆ ಅತ್ತೆಯ ಮನೆಯ ಮುಂದೆ ಹನ್ನೊಂದು ಜನ ನಿಂತಿದ್ದರು, ಎಲ್ಲರ ಕೈಯಲ್ಲೂ ಲಿಂಬೆಹಣ್ಣು. ಮೊದಲಿಗೆ ನಿಂತವಳು ಪಕ್ಕದ ಓಣಿಯ ಸಿದ್ದಕ್ಕ. "ನಮ್ಮ ಮೊಮ್ಮಗ ಊಟಾ ಮಾಡವಲ್ಲದು, ದೃಷ್ಟಿ ತಗೀಬೇಕ್ರಿ," ಎಂದಳು. ಅತ್ತೆ ಇಲ್ಲವೆಂದಷ್ಟೂ ಅವರ ನಂಬಿಕೆ ಬಲಿಯಿತು. ಮೊಹರು ಬಿದ್ದಮೇಲೆ ಇಲ್ಲವೆಂದರೆ ಯಾರು ಕೇಳುತ್ತಾರೆ?

ಸಂಜೆ ಅತ್ತೆ ಒಂದು ಚೀಲ ಲಿಂಬೆಹಣ್ಣು ತಂದು ನನ್ನ ಮೇಜಿನ ಮೇಲೆ ಸುರಿದಳು. "ಡಬ್ಬಿ ಕೇಳಿದ್ರ ಲಿಂಬಿಹಣ್ಣು ಕೊಡಸಿದಿ. ಲಗ್ನಾಗಿ ಐವತ್ತು ವರ್ಷದಾಗ ಒಬ್ಬರು ನನ್ನ ಮ್ಯಾಲ ಬಟ್ಟ ಮಾಡಿದ್ದಿಲ್ಲ. ನೀ ಮಾಡಿದಿ, ನನ್ನ ತಮ್ಮನ ಮಗಾ."

ಅವಳ ಕಣ್ಣಲ್ಲಿ ನೀರಿತ್ತು. ಪ್ರಕಟಣೆ ಹಿಂಪಡೆಯಲು ವಾರ್ಷಿಕ ಮಹಾಸಭೆಯೇ ಆಗಬೇಕು ಎಂದು ನಾನು ಹೇಳಿದೆ. ಅದು ನಿಜವೂ ಆಗಿತ್ತು. ಈಗಲಾದರೂ ನಾನೇ ಡಬ್ಬಿ ತಂದುಕೊಡುತ್ತೇನೆಂದೆ. "ನಿನ್ನ ಕೈಲೆ ನೀರೂ ಬ್ಯಾಡ," ಎಂದು ಹೋದಳು.

ನಾಲ್ಕು ದಿನ ಕಳೆಯುವಷ್ಟರಲ್ಲಿ ಮೂವರು ಫಲಾನುಭವಿಗಳಿಂದಲೂ ಒಂದೇ ದೂರು ಬಂತು. ಮನೆಯಲ್ಲಿ ಡಬ್ಬಿ ಚಾಲೂ ಆಗುತ್ತಿಲ್ಲ. ಸಮಿತಿ ತುರ್ತು ಸಭೆ ಸೇರಿ, ಊರಿನ ಏಕೈಕ ಅಧಿಕೃತ ತಾಂತ್ರಿಕರಾದ ಗುರುಸಿದ್ದವ್ವನವರನ್ನು 'ಗೌರವ ತಾಂತ್ರಿಕ'ರೆಂದು ನೇಮಿಸಿತು. ದಿನಾ ಮೂರೂ ಮನೆಗೆ ಹೋಗಿ ಡಬ್ಬಿ ಹಚ್ಚಿಕೊಟ್ಟು ಬರುವುದು ಕೆಲಸ. ಗೌರವ ಹುದ್ದೆಯಾದ್ದರಿಂದ ಸಂಬಳವಿಲ್ಲ. ಆದೇಶ ಕೊಡಲು ಹೋದಾಗ ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. ಏಳನೆಯ ನಿಯಮವನ್ನು ಎರಡು ಸಲ ಓದಿಸಿ ಕೇಳಿದಳು.

"ರವಿವಾರ ನಾಕ ಗಂಟೇಕ ಯಾರ ಮನಿ ಪಾಳಿ?" ಎಂದಳು.

"ಅಯ್ಯನೋರ ಮನಿ."

"ಅವರ ಟಿ.ವಿ. ದೊಡ್ಡದೈತೇನು?"

"ಗ್ವಾಡಿ ತುಂಬ ಐತಿ."

"ಆತು ಬರ್ತೇನಿ. ನೀನೂ ರಜಿಸ್ಟರ್ ತಗೊಂಡು ಬಾ."

ಫೆಬ್ರವರಿಯ ಕೊನೆಯ ಭಾನುವಾರ ನಾಲ್ಕಕ್ಕೆ ಅಯ್ಯನವರ ಪಡಸಾಲೆಯಲ್ಲಿ ಸಮಿತಿಯ ಮೂವರೂ ಧಾರಾವಾಹಿಯ ಮಹಾಸಂಚಿಕೆಯನ್ನು ದೊಡ್ಡ ಪರದೆಯಲ್ಲಿ ಒಟ್ಟಿಗೆ ನೋಡಲು ಅವಲಕ್ಕಿ ಚಹದೊಂದಿಗೆ ಕೂತಿದ್ದರು. ಅತ್ತೆ ಗುಂಡಿ ಒತ್ತಿ ಹೇಳಿದಳು. ಗೋಡೆಯ ತುಂಬ ಕುಸ್ತಿಯ ಅಖಾಡ ಬಂತು. ಅತ್ತೆ ರಿಮೋಟನ್ನು ಟೀಪಾಯಿಯ ನಡುವೆ ಇಟ್ಟು, ನೆಲದ ಮೇಲೆ ಕಾಲು ಚಾಚಿ ಕೂತಳು.

"ಧಾರಾವಾಹಿ ಹಚ್ಚವಾ," ಎಂದರು ಅಯ್ಯನವರು.

"ಹಚ್ಚತೇನ್ರಿ. ಇದು ಮುಗೀಲಿ."

ಅಯ್ಯನವರು ತಡೆಯಲಾರದೆ ರಿಮೋಟಿಗೆ ಕೈ ಹಾಕಿದರು. ಒಂದು ವಾರ ಅವಳನ್ನು ನೋಡಿ ನೋಡಿ ಕಲಿತಿದ್ದರೆಂದು ಕಾಣುತ್ತದೆ, ಹೆಬ್ಬೆರಳು ನೆಟ್ಟಗೆ ಮಾತಿನ ಗುಂಡಿಯ ಮೇಲೇ ಹೋಯಿತು.

"ಉದಯಾ, ಬರಕೋಪಾ," ಎಂದಳು ಅತ್ತೆ ಪರದೆಯಿಂದ ಕಣ್ಣು ತೆಗೆಯದೆ. "ಅಯ್ಯನೋರಿಗೆ ರಿಮೋಟ್ ಬರ್ತೈತಂತ. ಏಳನೇ ನಿಯಮ."

ನಾನು ರಿಜಿಸ್ಟರು ಬಿಡಿಸಿದೆ. ಡಿಸೆಂಬರಿನಿಂದ ನಾನು ಮಾಡಿದ ಮರ್ಯಾದೆಯ ಕೆಲಸ ಅದೊಂದೇ. ಅಯ್ಯನವರು ಕಾದ ಹಂಚು ಮುಟ್ಟಿದವರಂತೆ ಕೈ ಹಿಂತೆಗೆದುಕೊಂಡರು. ವಿದ್ಯಾವತಿ ಬಾಯಿ ಕೈ ಕಟ್ಟಿ ಕೂತರು. ಜ್ಯೋತಿಬಾ ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿಕೊಂಡರು. ಡಬ್ಬಿ ಉಳಿಯಬೇಕಾದರೆ ಕುಸ್ತಿ ನೋಡಬೇಕು ಎಂಬುದು ಮೂವರಿಗೂ ಒಂದೇ ಸಲ ಅರ್ಥವಾಯಿತು.

ಶಿವಗಂಗಾ ಬಂದಳು, ಪರದೆಯ ತುಂಬ ಬಂದಳು. ಯಾವ ಇರುವೆ ನಮ್ಮದು ಎಂದು ಯಾರೂ ಕೇಳಬೇಕಾಗಲಿಲ್ಲ. ಮೊದಲು ಹಿಂದೆ ಬಿದ್ದಳು. "ಕಾಲ ಹಿಡಿ! ಕಾಲಿಗೆ ಬೀಳ!" ಎಂದು ಅತ್ತೆ ಕೂಗಿದಳು. ಹುಡುಗಿ ಕಾಲು ಹಿಡಿದಳು, ಎತ್ತಿದಳು, ಕೆಡವಿದಳು. ಪಂಚರು ಅವಳ ಕೈ ಮೇಲೆತ್ತಿದಾಗ ಅವಳು ಅಜ್ಜನಂತೆಯೇ ಎಡತೊಡೆ ತಟ್ಟಿದಳು. ನೆಲದ ಮೇಲೆ ಕೂತ ಅತ್ತೆಯೂ ತನ್ನ ತೊಡೆ ತಟ್ಟಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಈಗ ನಿಮ್ಮದು ಹಚ್ಚಲೇನ್ರಿ?" ಎಂದು ಕೇಳಿ, ಧಾರಾವಾಹಿ ಹಚ್ಚಿಕೊಟ್ಟಳು.

ಹೊರಡುವಾಗ ಸಂಚಿಯಿಂದ ಒಂದು ಲಿಂಬೆಹಣ್ಣು ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟಳು. "ಇರ್ಲಿ ಬಿಡ್ರಿ. ಪುಕ್ಕಟ ಬಂದದ್ದಕ್ಕ ದೃಷ್ಟಿ ಜಲ್ದಿ ಆಕ್ಕೈತಿ," ಎಂದಳು. ಯಾರೂ ನಗಲಿಲ್ಲ. ಅಯ್ಯನವರು ಹಣ್ಣನ್ನು ತುಸು ಸರಿಸಿ, ನೇರವಾಗಿ ಇಟ್ಟರು.

ಮುಂದಿನ ಸಭೆಯಲ್ಲಿ ಯೋಜನೆ ಯಶಸ್ವಿಯಾಗಿದೆ ಎಂದು ದಾಖಲಾಯಿತು. ಶಿವಗಂಗಾಳ ಗೆಲುವು 'ಸುಲಭ ದರ್ಶನ'ದ ಮೊದಲ ಫಲವೆಂದು ಬಸ್‌ಸ್ಟ್ಯಾಂಡಿನಲ್ಲಿ ಫಲಕ ಬಿತ್ತು. ಅದರಲ್ಲಿ ಸಮಿತಿಯ ಮೂವರ ಭಾವಚಿತ್ರಗಳಿವೆ. ಹುಡುಗಿಯದಕ್ಕೆ ಜಾಗ ಸಾಲಲಿಲ್ಲ. ಅತ್ತೆಯ ಟಿ.ವಿ. ಹಿಂದಿನ ತೂತು ಹಾಗೆಯೇ ಖಾಲಿ ಇದೆ. ಅವಳು ದಿನಾ ಮೂರು ಮನೆಗೆ ಹೋಗುತ್ತಾಳೆ, ಕುಸ್ತಿ ಇದ್ದ ದಿನ ಮೂರೂ ಮನೆಯವರು ಕುಸ್ತಿ ನೋಡುತ್ತಾರೆ. ನಿಯಮಾವಳಿಗೆ ಎಂಟನೆಯ ನಿಯಮ ಸೇರಿದೆ. ಟೈಪು ಮಾಡಿದವನು ನಾನೇ: "ಡಬ್ಬಿ ಚಾಲೂ ಆಗದಿದ್ದಲ್ಲಿ, ಮೊದಲು ಲಿಂಬೆಹಣ್ಣನ್ನು ಬದಲಿಸತಕ್ಕದ್ದು."